ಕೇಬಲ್ ಸ್ಟ್ರೀಟಿನ ಗೋಡೆ

ಸಮುದಾಯ ಕಲೆಯ ಹೆಸರಿನಲ್ಲಿ ನಡೆಯುವ ಅನೇಕ ಯೋಜನೆಗಳಲ್ಲಿ ಮಕ್ಕಳಿಗೂ ಹಿರಿಯರಿಗೂ ಒಂದು ದಿನದ ಮಟ್ಟಿಗೆ ಕುಂಚ ಕೊಟ್ಟು, ಮೊದಲೇ ಎಳೆದ ಗೆರೆಗಳೊಳಗೆ ಬಣ್ಣ ತುಂಬಿಸುವುದೇ ಪಾಲ್ಗೊಳ್ಳುವಿಕೆ ಎನಿಸಿಕೊಳ್ಳುತ್ತದೆ. ಆದರೆ ಪೂರ್ವ ಲಂಡನ್ನಿನ ಕೇಬಲ್ ಸ್ಟ್ರೀಟಿನಲ್ಲಿ, ಸೇಂಟ್ ಜಾರ್ಜ್ಸ್ ಟೌನ್ ಹಾಲಿನ ಪಶ್ಚಿಮ ಗೋಡೆಯನ್ನು ತುಂಬಿರುವ ಭಿತ್ತಿಚಿತ್ರಕ್ಕೆ ಅಲ್ಲಿನ ಜನ ಕೊಟ್ಟದ್ದು ತಮ್ಮ ನೆನಪನ್ನು ಮತ್ತು ಮುಖವನ್ನು.

1936ರ ಅಕ್ಟೋಬರ್ 4ರಂದು ಆಸ್ವಾಲ್ಡ್ ಮೋಸ್ಲಿಯ ಫ್ಯಾಸಿಸ್ಟ್ ಪಕ್ಷ ಯೆಹೂದ್ಯರು ದಟ್ಟವಾಗಿ ನೆಲೆಸಿದ್ದ ಈ ಭಾಗದ ಮೂಲಕ ಮೆರವಣಿಗೆ ಹೊರಟಾಗ, ದಾರಿ ತೆರವುಗೊಳಿಸಲು ಬಂದ ಪೊಲೀಸರನ್ನು ಯೆಹೂದ್ಯರೂ ಐರಿಷ್ ಬಂದರು ಕಾರ್ಮಿಕರೂ ಎಡಪಂಥೀಯರೂ ಅಡ್ಡಗಟ್ಟೆ ಕಟ್ಟಿ ತಡೆದರು, ಮೆರವಣಿಗೆ ಹಿಂದಿರುಗಬೇಕಾಯಿತು. ನಾಲ್ಕು ದಶಕಗಳ ಬಳಿಕ, 1976ರಲ್ಲಿ, ಈ ಘಟನೆಯನ್ನು ಬಿಂಬಿಸುವ ಚಿತ್ರದ ಕೆಲಸಕ್ಕೆ ತೊಡಗಿದ ಕಲಾವಿದ ಡೇವ್ ಬಿನ್ನಿಂಗ್ಟನ್ ಸ್ಥಳೀಯರ ಮಾತುಗಳನ್ನು ಸಂಗ್ರಹಿಸಿ, ಅವರಲ್ಲೇ ಕೆಲವರನ್ನು ಚಿತ್ರದ ಪಾತ್ರಗಳಿಗೆ ಮಾದರಿಯಾಗಿಸಿಕೊಂಡರು. ನಮ್ಮ ಮಲೆನಾಡಿನ ದೀವರ ಸಮುದಾಯದ ಹೆಂಗಸರು ಮದುವೆಗೆಂದು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ ವಿನ್ಯಾಸ ಅದಾಗಲೇ ಎಲ್ಲರ ಸ್ವತ್ತಾಗಿರುವುದರಿಂದ ಕುಂಚ ಹಿಡಿದರೆ ಸಾಕು. ಆದರೆ ನಾನಾ ದೇಶಗಳಿಂದ ಬಂದವರು ಕೂಡಿ ಬಾಳುವ ಲಂಡನ್ನಿನಂಥ ಮಹಾನಗರದಲ್ಲಿ ಅಂಥ ವಿನ್ಯಾಸವನ್ನು ಮೊದಲು ಕೇಳಿ ತಿಳಿದು ಕಟ್ಟಿಕೊಳ್ಳಬೇಕಾಗುತ್ತದೆ.

ಹಾಗೆ ಕೇಳಿದ್ದು ಚಿತ್ರದಲ್ಲಿ ಎದ್ದು ಕಾಣುತ್ತದೆ. ಕಿಟಕಿಯಿಂದ ಪೊಲೀಸರ ಮೇಲೆ ಮೂತ್ರದ ಪಾತ್ರೆ ಬರಿದು ಮಾಡುವ ಹೆಂಗಸು, ಕುದುರೆಗಳು ಜಾರಲೆಂದು ಕಾಲಡಿಗೆ ಎಸೆದ ಗೋಲಿಗಳು ಮುಂತಾದ ವಿವರಗಳಿಗೆ ಅಧಿಕೃತ ಚರಿತ್ರೆಯಲ್ಲಿ ಸುಲಭವಾಗಿ ಜಾಗ ಸಿಗುವುದಿಲ್ಲ. ಇಡೀ ದೃಶ್ಯವು ಮೀನುಗಣ್ಣಿನ ನೋಟದಲ್ಲಿ, ಅಂದರೆ ನೇರ ರೇಖೆಗಳೂ ಬಾಗಿ ನಡುವಿನ ಭಾಗ ಉಬ್ಬಿ ಬರುವಂತೆ ರಚಿತವಾಗಿರುವುದರಿಂದ, ಎದುರು ನಿಂತವರು ಗದ್ದಲದೊಳಗೆ ಸಿಲುಕಿದಂತಾಗುತ್ತದೆ. ಲಂಡನ್ನಿನ ಭಿತ್ತಿಚಿತ್ರಗಳಲ್ಲಿ ಇಷ್ಟು ಬಿಗಿಯಾದ ಸಂಯೋಜನೆ ವಿರಳ.

ಈ ಕೆಲಸ ನಡೆಯುತ್ತಿದ್ದಾಗ, 1978ರ ಮೇ ತಿಂಗಳಲ್ಲಿ, ಸಮೀಪದಲ್ಲೇ ಅಲ್ತಾಬ್ ಅಲಿ ಎಂಬ ಬಂಗಾಳಿ ಯುವಕ ಜನಾಂಗದ್ವೇಷಕ್ಕೆ ಬಲಿಯಾದುದರಿಂದ, ವೃದ್ಧರು ನೆನೆದ ಪ್ರತಿರೋಧ ಹೊಸ ತಲೆಮಾರಿನ ಅಗತ್ಯವೂ ಆಯಿತು. 1982ರಲ್ಲಿ ಬಲಪಂಥೀಯರು ಚಿತ್ರದ ಮೇಲೆ ಘೋಷಣೆ ಗೀಚಿದಾಗ ಬಿನ್ನಿಂಗ್ಟನ್ ಮನನೊಂದು ಕೆಲಸ ತೊರೆದರು. ಕಲಾವಿದರಾದ ಪಾಲ್ ಬಟ್ಲರ್, ರೇ ವಾಕರ್ ಹಾಗೂ ಮೆಕ್ಸಿಕೋದ ಭಿತ್ತಿಚಿತ್ರಗಳ ವಿದ್ವಾಂಸರೂ ಆದ ಡೆಸ್ಮಂಡ್ ರಾಕ್‌ಫರ್ಟ್ 1983ರಲ್ಲಿ ಅದನ್ನು ಪೂರ್ಣಗೊಳಿಸಿದರು. ಇಂಥ ಚಿತ್ರಗಳೆಲ್ಲ ಉಳಿಯಲಿಲ್ಲ: ಲಂಡನ್ನಿನದೇ ಬ್ಯಾಟರ್ಸೀಯಲ್ಲಿ ಕಲಾವಿದ ಬ್ರಯಾನ್ ಬಾರ್ನ್ಸ್ ನೆರೆಹೊರೆಯವರೊಡನೆ ರಚಿಸಿದ್ದ ವಿಶಾಲ ಚಿತ್ರ 1979ರಲ್ಲೇ ಗೋಡೆಯ ಸಮೇತ ನೆಲಸಮವಾಗಿತ್ತು. ಕೇಬಲ್ ಸ್ಟ್ರೀಟಿನ ಚಿತ್ರ ಮಾತ್ರ ಮುಂದೆಯೂ ದಾಳಿಗೊಳಗಾಗಿ, ಮತ್ತೆ ಮತ್ತೆ ದುರಸ್ತಿಗೊಂಡು, 2011ರಲ್ಲಿ ಆ ಹೋರಾಟದ 75ನೇ ವರ್ಷಕ್ಕೆ ಪುನಃ ಬಣ್ಣ ಪಡೆಯಿತು.