‘ಬೇಕೇ?’ ಎಂದು ಕೇಳುವ ಮನೆಗಳು

ಕಾವ್ಯವನ್ನು ವಿಮರ್ಶಿಸುವಂತೆ ಕಟ್ಟಡವನ್ನೂ ವಿಮರ್ಶಿಸಬಹುದು. ಕವಿಯ ವಿವೇಕ ಅವನು ಬಳಸಿದ ಪದಗಳಲ್ಲಿ ಮಾತ್ರವಲ್ಲ, ಬಿಟ್ಟ ಪದಗಳಲ್ಲೂ ಕಾಣುತ್ತದೆ. ಮನೆ ಕಟ್ಟುವವನ ವಿವೇಕವೂ ಹಾಗೆಯೇ. ಈ ದೃಷ್ಟಿಯಿಂದ ನೋಡಿದರೆ, ಲಾರಿ ಬೇಕರ್ ಕೇರಳದಲ್ಲಿ ಕಟ್ಟಿದ ಮನೆಗಳು ಎಚ್ಚರದಿಂದ ಓದಬೇಕಾದ ಕೃತಿಗಳು. ಹೂಡಿಕೆಗೆಂದು ಮನೆ ಕೊಳ್ಳಲು ಹೊರಟಿರುವ ಇಂದಿನ ಕುಟುಂಬಗಳಿಗೆ ಅವು ಹಾಕುವ ಪ್ರಶ್ನೆ ಇನ್ನೂ ಹಳತಾಗಿಲ್ಲ.

ಬೇಕರ್ 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನಿಸಿದರು. ಅವರು ಕ್ವೇಕರ್ ಪಂಥದ ಕ್ರೈಸ್ತರು. ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕಾಗಿ 1945ರಲ್ಲಿ ಭಾರತಕ್ಕೆ ಬಂದು, ಹಿಮಾಲಯದ ಪಿಥೋರಗಢದಲ್ಲಿ ಹಲವು ವರ್ಷ ದುಡಿದು, ಕೊನೆಗೆ ತಿರುವನಂತಪುರದಲ್ಲಿ ನೆಲೆಸಿದರು. ಆದರ್ಶ ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯೊಳಗೇ ದೊರೆಯಬೇಕೆಂದು ಗಾಂಧೀಜಿ ಹೇಳಿದ ಮಾತು ಅವರಿಗೆ ಬಾಳಿನ ಸೂತ್ರವಾಯಿತು. 1990ರಲ್ಲಿ ಪದ್ಮಶ್ರೀ ಪಡೆದ ಅವರು 2007ರಲ್ಲಿ ನಿಧನರಾದರು.

ಕಟ್ಟಡದ ಪ್ರತಿಯೊಂದು ಅಂಗದ ಮುಂದೆಯೂ ನಿಂತು ‘ಇದು ಬೇಕೇ?’ ಎಂದು ಕೇಳುವುದೇ ಅವರ ಪದ್ಧತಿ. ಕನ್ನಡಿಗರ ಕಿವಿಗೆ ಆ ಪ್ರಶ್ನೆ ಅವರ ಹೆಸರಿನಲ್ಲೇ ಕೇಳಿಸುತ್ತದೆ. ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ನಡುವೆ ಟೊಳ್ಳು ಉಳಿಯುವಂತೆ ಕಟ್ಟಿದರು. ಇದರಿಂದ ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿಯಿತು. ಟೊಳ್ಳಿನ ಗಾಳಿ ಬಿಸಿಲನ್ನು ತಡೆಯಿತು. ತಾರಸಿಯ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲವೆಂದು ಕಂಡು, ಅಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ತುಂಬಿದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ತಯಾರಿಸತೊಡಗಿದ ಹೆಂಚಿನ ಪರಂಪರೆಗೆ ಹೀಗೆ ಎರಡನೆಯ ಬದುಕು ದೊರೆಯಿತು. ಕಿಟಕಿಯ ಬದಲು ಇಟ್ಟಿಗೆಯ ಜಾಲರಿ ಬಂದಿತು. ಗಿಲಾವು ಅನೇಕ ಕಡೆ ಇಲ್ಲವೇ ಇಲ್ಲ.

ಹೀಗೆ ಬಿಟ್ಟದ್ದು ಬಡತನವಾಗಲಿಲ್ಲ ಎಂಬುದಕ್ಕೆ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಯೇಸುಸಭೆಯವರ ಶಾಲೆಗಾಗಿ 1970ರ ದಶಕದ ಆರಂಭದಲ್ಲಿ ಕಟ್ಟಿದ ಲೊಯೋಲಾ ಪ್ರಾರ್ಥನಾಲಯವೇ ಸಾಕ್ಷಿ. ಎತ್ತರದ ಜೋಡಿ ಗೋಡೆಗಳನ್ನು ಅಡ್ಡ ಇಟ್ಟಿಗೆಗಳು ಬೆಸೆದಿವೆ. ರಂಧ್ರಗಳಿಂದ ಸೋಸಿ ಬರುವ ಬೆಳಕೇ ಅಲಂಕಾರ. ಮಿತವ್ಯಯವೂ ಸೌಂದರ್ಯವೂ ಇಲ್ಲಿ ಒಂದೇ ಆಗಿವೆ.

ಆದರೆ ಪ್ರಶಂಸೆಯಷ್ಟೇ ವಿಮರ್ಶೆಯಾಗದು. ಸುಟ್ಟ ಇಟ್ಟಿಗೆ ಫಲವತ್ತಾದ ಮಣ್ಣನ್ನೂ ಉರುವಲನ್ನೂ ಬೇಡುತ್ತದೆ. ಈ ಕೊರತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಒಂದು ಉತ್ತರ ನೀಡಿದರು: ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆ. ಬೇಕರ್ ವಿಧಾನಕ್ಕೆ ನುರಿತ ಗಾರೆಯವರು ಬೇಕು. ಅವರಿಲ್ಲದೆಡೆ ಉಳಿತಾಯ ಕೂಲಿಯಲ್ಲಿ ಕರಗುತ್ತದೆ. ಅದಕ್ಕಿಂತ ದೊಡ್ಡ ಮಿತಿಯೆಂದರೆ, ಭಾರ ಹೊರುವ ಇಟ್ಟಿಗೆಯ ಗೋಡೆಗಳು ಹತ್ತು ಹದಿನೈದು ಅಂತಸ್ತಿನ ನಗರವಸತಿಗೆ ಹೊಂದುವುದಿಲ್ಲ. ಆದ್ದರಿಂದ ಬೇಕರ್ ಅವರಿಂದ ನಾವು ಪಡೆಯಬೇಕಾದದ್ದು ಇಟ್ಟಿಗೆಯ ವಿನ್ಯಾಸವನ್ನಲ್ಲ, ಆ ಪ್ರಶ್ನೆಯನ್ನು.

ಆ ಪ್ರಶ್ನೆಯನ್ನು ಮನೆಯ ಅಂಗಗಳಿಗಲ್ಲದೆ ಮನೆಗೇ ಕೇಳಿದರೆ ಏನಾಗುತ್ತದೆ? 2011ರ ಜನಗಣತಿಯ ಪ್ರಕಾರ ನಮ್ಮ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಅದರ ಮರುವರ್ಷ, 2012ರಲ್ಲಿ, ಸರ್ಕಾರದ ತಜ್ಞರ ತಂಡ ಅಂದಾಜಿಸಿದ ನಗರವಸತಿಯ ಕೊರತೆ ಸುಮಾರು 1.88 ಕೋಟಿ. ಬೀಗ ಹಾಕಿದ ಬಾಗಿಲು ಒಂದೆಡೆ, ಬಾಗಿಲೇ ಇಲ್ಲದ ಬದುಕು ಇನ್ನೊಂದೆಡೆ. ವಾಸಕ್ಕೆಂದು ಹುಟ್ಟಿದ ಮನೆ ಬೆಲೆಯೇರಿಕೆಯ ನಿರೀಕ್ಷೆಯಲ್ಲಿ ಖಾಲಿ ನಿಂತಾಗ, ಅದಕ್ಕೆ ಸುರಿದ ಮರಳು, ಉಕ್ಕು, ಸಿಮೆಂಟು, ನೀರು ಯಾರ ತಲೆಗೂ ನೆರಳಾಗಲಿಲ್ಲ. ಗೋಡೆಯ ಮೇಲೆ ‘ಹಸಿರು ಕಟ್ಟಡ’ ಎಂಬ ಫಲಕವಿದ್ದರೂ ಖಾಲಿ ಮನೆ ಪರಿಸರಸ್ನೇಹಿ ಆಗಲಾರದು.

ಲೆಕ್ಕದ ದೃಷ್ಟಿಯಿಂದಲೂ ಇದು ಯಾವಾಗಲೂ ಜಾಣತನವಲ್ಲ. ಒಂದು ಕೋಟಿ ರೂಪಾಯಿಯ ಫ್ಲ್ಯಾಟಿಗೆ ತಿಂಗಳಿಗೆ 25,000 ರೂಪಾಯಿ ಬಾಡಿಗೆ ಬಂದರೆ, ವರ್ಷದ ಉತ್ಪತ್ತಿ ಶೇಕಡಾ 3. ಅಷ್ಟೂ ಹಣವನ್ನು ಶೇಕಡಾ 8ರ ಬಡ್ಡಿಗೆ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 8 ಲಕ್ಷದ ಸಮೀಪ. ಬಾಡಿಗೆ ಕೇವಲ 3 ಲಕ್ಷ. ನಡುವಿನ ಅಂತರವನ್ನು ತುಂಬಬೇಕಾದದ್ದು ನಾಳೆ ಬೆಲೆ ಏರುವುದೆಂಬ ಆಸೆಯೊಂದೇ. ನಿರ್ವಹಣೆ, ತೆರಿಗೆ, ದುರಸ್ತಿಗಳ ವೆಚ್ಚ ಬೇರೆ.

ನೀರಿನ ಮಾತು ಇನ್ನೂ ಗಂಭೀರ. ಬೆಂಗಳೂರಿನಲ್ಲಿ ನಿಗದಿತ ಅಳತೆಯ ಕಟ್ಟಡಗಳಿಗೆ ಮಳೆನೀರು ಸಂಗ್ರಹ 2009ರಲ್ಲೇ ಕಡ್ಡಾಯವಾಗಿತ್ತು. ಆದರೂ 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಎಷ್ಟೋ ವಸತಿ ಸಮುಚ್ಚಯಗಳು ಟ್ಯಾಂಕರಿನ ದಾರಿ ಕಾದವು. ಚದರಡಿಯ ದರವನ್ನು ಹತ್ತು ಕಡೆ ವಿಚಾರಿಸಿದವರು ನೀರಿನ ಮೂಲವನ್ನು ಒಮ್ಮೆಯಾದರೂ ವಿಚಾರಿಸಿದ್ದರೇ?

ಮಕ್ಕಳ ಭವಿಷ್ಯಕ್ಕಾಗಿ ಉಳಿಸುವುದು ತಂದೆತಾಯಿಯರ ಧರ್ಮ; ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಕುಟುಂಬದವರೆಲ್ಲ ಒಟ್ಟಿಗೆ ಕುಳಿತು ಕೆಲವನ್ನು ಕೇಳಿಕೊಳ್ಳಲಿ. ಈ ಮನೆಯಲ್ಲಿ ಯಾರು ಬಾಳುತ್ತಾರೆ? ಬೇಸಿಗೆಯಲ್ಲಿ ಯಂತ್ರವಿಲ್ಲದೆ ಇದು ತಂಪಾಗಿರುವುದೇ? ಇದರ ನೀರು ಎಲ್ಲಿಂದ ಬರುತ್ತದೆ, ಕೊಳಕು ನೀರು ಎಲ್ಲಿಗೆ ಹೋಗುತ್ತದೆ? ಇದು ಕೆರೆಯ ಅಂಗಳದ ಮೇಲೆ ನಿಂತಿದೆಯೇ? ಬೆಲೆ ಏರದಿದ್ದರೂ ಸಾಲದ ಕಂತನ್ನು ನೆಮ್ಮದಿಯಿಂದ ಕಟ್ಟಬಲ್ಲೆವೇ? ಈ ಎಲ್ಲ ಪ್ರಶ್ನೆಗಳಿಗೂ ತಾಯಿಯಾದ ಪ್ರಶ್ನೆ ಒಂದೇ: ಇದು ನಮಗೆ ಬೇಕೇ?

ಉತ್ತರ ‘ಹೌದು’ ಆದರೆ ಮನೆ ಸಂತೋಷದಿಂದ ಏಳಲಿ, ಅದರಲ್ಲಿ ಒಂದು ಸಂಸಾರದ ದೀಪ ಬೆಳಗಲಿ. ‘ಇಲ್ಲ’ ಆದರೆ, ಕಟ್ಟದೆ ಉಳಿಸಿದ ಆ ಒಂದು ಮನೆಯೂ ನಾವು ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯೇ ಸರಿ.