ದಕಾರ್ಗಲದ ನೀರು, ಕೆರೆಗೆ ಹಾರದ ನೀರು

ಹಿರಿಯೂರು ತಾಲ್ಲೂಕಿನ ಬಬ್ಬೂರು ವೇದಾವತಿಯ ಸೀಮೆಯ ಗ್ರಾಮ. ಬಬ್ಬೂರುಕಮ್ಮೆಯೆಂಬ ಪಂಗಡದ ಹೆಸರಿನಿಂದ ಇದು ವಿದ್ವಾಂಸರಿಗೂ, ಕೃಷಿ ಸಂಶೋಧನ ಕ್ಷೇತ್ರದಿಂದ ಬೇಸಾಯಗಾರರಿಗೂ ಪರಿಚಿತವಾಗಿದೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ನಿಂತು ನಮ್ಮ ಸಾಹಿತ್ಯದ ಜಲಪ್ರಕರಣಗಳನ್ನು ಓದತಕ್ಕವನಿಗೆ ಒಂದು ಪ್ರಶ್ನೆ ಎದುರಾಗದೆ ಇರದು. ನೀರು ಉಂಟೋ ಇಲ್ಲವೋ ಎಂಬುದನ್ನು ಇಷ್ಟು ಬಗೆಯಾಗಿ ವಿಚಾರಿಸಿದ ಈ ಕೃತಿಗಳು, ದೊರೆತ ನೀರು ಎಂತಹುದೆಂಬುದನ್ನು ಎಷ್ಟರಮಟ್ಟಿಗೆ ವಿಚಾರಿಸಿವೆ?

ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯವು ಈ ಶಾಸ್ತ್ರಕ್ಕೆ ಮೂಲದಂತಿದೆ. ಕನ್ನಡದಲ್ಲಿ ಸುಮಾರು ಕ್ರಿ.ಶ. 1025ರ ಚಾವುಂಡರಾಯನ ಲೋಕೋಪಕಾರವು ಅದೇ ವಿಷಯವನ್ನು ಕೈಗೊಂಡಿದೆ. ಹುತ್ತ, ಮರ, ಮಣ್ಣಿನ ಬಣ್ಣ, ಇವುಗಳಿಂದ ಅಂತರ್ಜಲವನ್ನು ಊಹಿಸುವ ಕ್ರಮವನ್ನು ಅನೇಕರು ಮೆಚ್ಚಿದ್ದಾರೆ. ಅದಕ್ಕಿಂತ ಮೆಚ್ಚತಕ್ಕ ಮಾತೊಂದು ವರಾಹಮಿಹಿರನಲ್ಲಿದೆ: ಆಕಾಶದಿಂದ ಬೀಳುವ ನೀರಿನ ರುಚಿ ಒಂದೇ; ನೆಲದ ಭೇದದಿಂದ ಅದು ನಾನಾ ವರ್ಣರಸಗಳನ್ನು ಪಡೆಯುತ್ತದೆ. ಇಂದಿನ ಭೂಜಲಶಾಸ್ತ್ರವು ಈ ಅಭಿಪ್ರಾಯವನ್ನು ಅಲ್ಲಗಳೆಯುವುದಿಲ್ಲ. ಕೆಟ್ಟ ನೀರಿಗೆ ಅವನು ಹೇಳುವ ಚೂರ್ಣದಲ್ಲಿ ನೆಲ್ಲಿ, ಲಾಮಂಚ, ಕತಕ ಮೊದಲಾದವು ಸೇರಿವೆ. ಕತಕವೆಂದರೆ ನಮ್ಮ ಚಿಲ್ಲದ ಬೀಜ. ಅದರಿಂದ ಕದಡು ತಳಕ್ಕೆ ಕುಳಿತು ನೀರು ತಿಳಿಯಾಗುವುದು ನಿಜ. ಆದರೆ ಕದಡು, ಕಹಿ, ಉಪ್ಪು, ದುರ್ಗಂಧ ಎಂಬ ದೋಷಗಳೆಲ್ಲವೂ ಇಂದ್ರಿಯಗೋಚರವಾದವು. ಕಣ್ಣು, ಮೂಗು, ನಾಲಗೆಗಳು ಒಪ್ಪಿದ ಮೇಲೆ ಶಾಸ್ತ್ರಕಾರನಿಗೆ ಕೆಲಸ ಉಳಿಯಲಿಲ್ಲ.

ಇಲ್ಲಿಯೇ ಕೊರತೆ. ಚಿತ್ರದುರ್ಗ ಜಿಲ್ಲೆಯ ಹಲವು ಗ್ರಾಮಗಳ ಕೊಳವೆಬಾವಿಗಳಲ್ಲಿ ಕಂಡುಬಂದಿರುವ ಫ್ಲೋರೈಡಿಗೆ ಆ ಪ್ರಮಾಣದಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಭಾರತೀಯ ಮಾನಕದಂತೆ (2012) ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ನೀರಿಲ್ಲದಿದ್ದಾಗ 1.5ರವರೆಗೆ ಸಹ್ಯ. ಅದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ, ಎಳೆಯ ಮಕ್ಕಳಿಗೆ ಮುಂದೆ ಮೂಡುವ ಹಲ್ಲುಗಳಲ್ಲಿ ಕಲೆ ಕಾಣಿಸಿಕೊಳ್ಳುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ದೊಡ್ಡವರ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಈ ವ್ಯಾಧಿಯನ್ನು ಭಾರತದಲ್ಲಿ ಮೊದಲು ವರ್ಣಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ಇನ್ನೂ ವಿಚಿತ್ರವಾದುದೊಂದುಂಟು. ನಮ್ಮ ಅಡಿಗೆಯ ಮನೆಯಲ್ಲಿ ನೀರಿನ ಪರೀಕ್ಷೆ ಬೇಳೆಯಿಂದ ನಡೆಯುತ್ತದೆ. ಬೇಳೆ ಬೇಯದ ನೀರು ಗಡಸು. ಬೇಗ ಬೇಯಿಸುವ ನೀರು ಒಳ್ಳೆಯದು. ಆದರೆ ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ ಫ್ಲೋರೈಡನ್ನು ಕರಗಗೊಡದೆ ತಡೆಯತಕ್ಕದ್ದು. ಅದು ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟು ಹೆಚ್ಚಿದ ನೀರಿನಲ್ಲಿ ಬೇಳೆಯೂ ಬೇಗ ಬೇಯುತ್ತದೆ, ಕಲ್ಲಿನ ಫ್ಲೋರೈಡೂ ಸುಲಭವಾಗಿ ಕರಗುತ್ತದೆ. ಗೃಹಿಣಿಯ ಅನುಭವ ಸುಳ್ಳಲ್ಲ. ಅದು ಉತ್ತರಿಸುವ ಪ್ರಶ್ನೆ ಬೇರೆ. ಸಿಹಿನೀರು, ಸವುಳು, ಗಡಸು ಎಂಬ ನಮ್ಮ ಪದಸಂಪತ್ತೆಲ್ಲ ನಾಲಗೆ ಮತ್ತು ಒಲೆಗಳ ಬಳಿಯಲ್ಲಿ ಹುಟ್ಟಿದುದು. ಕುದಿಸಿದರೆ ನೀರು ನಿರ್ದೋಷವಾಗುವುದೆಂಬ ನಂಬಿಕೆಯೂ ಇಲ್ಲಿ ಸಲ್ಲದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಫ್ಲೋರೈಡು ಸಾಂದ್ರವಾಗುತ್ತದೆ.

ಜನಪದರ ‘ಕೆರೆಗೆ ಹಾರ’ಕ್ಕೆ ಬಂದರೆ, ಅಲ್ಲಿ ಗುಣದ ಪ್ರಶ್ನೆಯೇ ಇಲ್ಲ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ಹನಿ ನೀರಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಕೊಡಬೇಕು. ಇದನ್ನು ತ್ಯಾಗವೆಂದು ಹೊಗಳಿದ ವಿಮರ್ಶಕರುಂಟು. ಕಥೆಯ ನಡೆ ಆ ಮಾತನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ನಿರ್ಣಯ ಮಾವನದು. ಸೊಸೆ ತವರಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಲಾರಳು, ಗೆಳತಿಯೊಡನೆ ಮಾತ್ರ ಹೇಳಿಕೊಳ್ಳುವಳು. ಗಂಗೆಯ ಪೂಜೆ ಮುಗಿದ ಮೇಲೆ, ಮರೆತ ಬಂಗಾರದ ಬಟ್ಟಲನ್ನು ತರಲು ಹಿಂದಿರುಗಿದವಳು ಒಂದೊಂದು ಮೆಟ್ಟಿಲೇರಿದಂತೆ ನೀರೂ ಪಾದದಿಂದ ಮೇಲಕ್ಕೆ ಏರುತ್ತದೆ. ಕನ್ನಡ ಕಥನಗೀತೆಗಳಲ್ಲಿ ಇದಕ್ಕೆ ಸಮನಾದ ಸನ್ನಿವೇಶ ವಿರಳ. ಕೆರೆ ತುಂಬಿತೆಂದು ಹೇಳುವ ಬದಲು ಹಾಡು ಹೆಣ್ಣಿನ ಅಂಗಾಂಗಗಳನ್ನೇ ಅಳತೆಗೋಲಾಗಿ ಮಾಡುತ್ತದೆ. ದಕಾರ್ಗಲದ ಶಾಸ್ತ್ರಕಾರನು ನೀರನ್ನು ಪುರುಷಪ್ರಮಾಣದ ಆಳದಿಂದ ಎಣಿಸುತ್ತಾನೆ, ಅದು ತೋಡುವವನ ಲೆಕ್ಕ. ಹಾಡಿನದು ಮುಳುಗುವವಳ ಲೆಕ್ಕ. ಫ್ಲೋರೈಡಿನ ಊರುಗಳಲ್ಲಿಯೂ ಪ್ರಯೋಗಶಾಲೆಯ ವರದಿಗಿಂತ ಮೊದಲು ನೀರಿನ ದೋಷವನ್ನು ಬರೆದಿಟ್ಟುಕೊಂಡದ್ದು ಹಲ್ಲು ಮತ್ತು ಮೊಣಕಾಲುಗಳೇ.

ಹಿರಿಯೂರಿನ ಬಳಿ 1907ರಲ್ಲಿ ಮುಗಿದ ಮಾರಿಕಣಿವೆಯ ಜಲಾಶಯವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಈ ಸೀಮೆ ನೆಲದೊಳಗಿನ ನೀರನ್ನು ಹೆಚ್ಚುಹೆಚ್ಚಾಗಿ ನೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ. ಈಗ ಗ್ರಾಮಗಳಲ್ಲಿ ‘ಶುದ್ಧ ಕುಡಿಯುವ ನೀರಿನ ಘಟಕ’ವೆಂಬ ಹಲಗೆಗಳಿವೆ. ಮಡಿಗೆ ಸೇರಿದ್ದ ‘ಶುದ್ಧ’ ಶಬ್ದವು ಮಿಲಿಗ್ರಾಮಿನ ಲೆಕ್ಕಕ್ಕೆ ಬಂದಿರುವುದು ಶಬ್ದಾರ್ಥಶಾಸ್ತ್ರಜ್ಞರು ಗಮನಿಸತಕ್ಕ ಸಂಗತಿ.

ಲೋಕೋಪಕಾರವನ್ನು ಮುಂದೆ ಪಾಠವಿಡುವ ಅಧ್ಯಾಪಕರೂ ಸಂಪಾದಕರೂ ಜಲಶೋಧನೆಯ ಯೋಗಗಳಿಗೆ ಒಂದು ಟಿಪ್ಪಣಿಯನ್ನು ಸೇರಿಸುವುದು ಅವಶ್ಯಕ. ಚಿಲ್ಲದ ಬೀಜ ಕದಡನ್ನು ಕೂರಿಸುತ್ತದೆ. ಕರಗಿದ ಫ್ಲೋರೈಡಿಗೆ ಅದನ್ನು ನೆಚ್ಚಲಾಗದು. ಅದಕ್ಕೆ ನಾಗಪುರದ ಪರಿಸರ ಸಂಶೋಧನ ಸಂಸ್ಥೆಯವರು 1970ರ ದಶಕದಲ್ಲಿ ರೂಪಿಸಿದ, ಪಟಿಕ ಮತ್ತು ಸುಣ್ಣವನ್ನು ಬಳಸುವ ನಲ್ಲಗೊಂಡ ವಿಧಾನದಂತಹುದು ಬೇಕು. ಇಲ್ಲವೆ, ವರಾಹಮಿಹಿರನು ಒಂದೇ ರುಚಿಯದೆಂದ, ನೆಲವನ್ನು ಮುಟ್ಟುವ ಮೊದಲೇ ಹಿಡಿದ ಮಳೆಯ ನೀರು.