‘ಜನಾದೇಶ’ವೆಂಬ ಪದದ ಪರಿಶೀಲನೆ

ಕನ್ನಡದಲ್ಲಿ ‘ಮತ’ ಎಂಬ ಶಬ್ದಕ್ಕೆ ಅಭಿಪ್ರಾಯ, ಧರ್ಮ, ಚುನಾವಣೆಯ ಓಟು ಎಂಬ ಮೂರೂ ಅರ್ಥಗಳಿವೆ. ಇವು ಒಂದರೊಳಗೊಂದು ಬೆರೆಯುವುದರಿಂದಲೇ ಎಣಿಕೆಯ ಕೊಠಡಿಯಿಂದ ಹೊರಬಂದ ‘ಬಹುಮತ’ವು ನಮ್ಮ ರಾಜಕೀಯ ಬರಹದಲ್ಲಿ ಬಹುಜನರ ಅಭಿಪ್ರಾಯವಾಗಿ, ಮರುದಿನವೇ ‘ಜನಾದೇಶ’ವಾಗಿ ಬಡ್ತಿ ಪಡೆಯುತ್ತದೆ. ಆದೇಶವೆಂಬುದು ಒಂದು ಬಾಯಿಂದ ಹೊರಡತಕ್ಕದ್ದು. ಕೋಟ್ಯಂತರ ಜನ ಬೇರೆಬೇರೆ ಕಾರಣಗಳಿಗಾಗಿ ಒತ್ತಿದ ಗುಂಡಿಗಳಿಗೆ ಅಂಥ ಒಂದು ಬಾಯಿ ಉಂಟೆ ಎಂಬುದು ನಮ್ಮ ಪ್ರಶ್ನೆ.

2018ರ ಕರ್ನಾಟಕ ವಿಧಾನಸಭಾ ಚುನಾವಣೆಯನ್ನೇ ನೋಡೋಣ. ಮೇ 15ರಂದು 222 ಕ್ಷೇತ್ರಗಳ ಫಲಿತಾಂಶ ಹೊರಬಿದ್ದಿತು. ಸುಮಾರು ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 78 ಸ್ಥಾನ, ಸುಮಾರು ಶೇ. 36ರಷ್ಟು ಪಡೆದ ಭಾರತೀಯ ಜನತಾ ಪಕ್ಷಕ್ಕೆ 104, ಸುಮಾರು ಶೇ. 18ರಷ್ಟು ಪಡೆದ ಜಾತ್ಯತೀತ ಜನತಾ ದಳಕ್ಕೆ 37. ಇದರಲ್ಲಿ ವಂಚನೆಯೇನೂ ಇಲ್ಲ. ಕಾಂಗ್ರೆಸ್ಸಿನ ಮತಗಳು ರಾಜ್ಯದುದ್ದಕ್ಕೂ ಹರಡಿದ್ದವು. ಭಾಜಪದ ಮತಗಳು ಗೆಲ್ಲಬಲ್ಲ ಕಡೆಗಳಲ್ಲಿ ಒತ್ತಾಗಿದ್ದವು. ಉಳಿದವರಿಗಿಂತ ಒಂದು ಮತ ಹೆಚ್ಚಾದರೆ ಸಾಕೆನ್ನುವ ಪದ್ಧತಿಯಲ್ಲಿ, ಸೋತ ಕ್ಷೇತ್ರದಲ್ಲಿ ಬಿದ್ದ ಮತಕ್ಕೆ ಸದನದಲ್ಲಿ ಬೆಲೆಯಿಲ್ಲ.

ಆ ವಾರ ಜನಾದೇಶದ ಮಾತು ಎರಡೂ ಪಾಳೆಯಗಳಲ್ಲಿ ಕೇಳಿಬಂದಿತು. ಅತಿ ದೊಡ್ಡ ಪಕ್ಷದ ನಾಯಕರಾಗಿ ಬಿ.ಎಸ್. ಯಡಿಯೂರಪ್ಪನವರು 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ರಾಜೀನಾಮೆಯಿತ್ತರು, 23ರಂದು ಎಚ್.ಡಿ. ಕುಮಾರಸ್ವಾಮಿಯವರು ಕಾಂಗ್ರೆಸ್ಸಿನ ಬೆಂಬಲದಿಂದ ಮುಖ್ಯಮಂತ್ರಿಯಾದರು. ಮೈತ್ರಿಯ ಎರಡು ಪಕ್ಷಗಳ ಮತಗಳನ್ನು ಕೂಡಿದರೆ ಅರ್ಧವನ್ನು ಮೀರುತ್ತದೆ, ನಿಜ. ಆದರೆ ಹಳೆಯ ಮೈಸೂರಿನ ಎಷ್ಟೋ ಕ್ಷೇತ್ರಗಳಲ್ಲಿ ಇವೆರಡೇ ಪರಸ್ಪರ ಎದುರಾಳಿಗಳು. ಒಂದನ್ನು ಸೋಲಿಸಲೆಂದು ಇನ್ನೊಂದಕ್ಕೆ ಹಾಕಿದ ಮತವನ್ನು ಇಬ್ಬರ ಸಖ್ಯಕ್ಕೆ ಬಿದ್ದ ಮತವೆನ್ನುವುದು ಸಂಕಲನಕ್ಕೆ ಸರಿ, ಅರ್ಥಕ್ಕೆ ಅಲ್ಲ.

ಮತದಾರನ ಎರಡನೆಯ ಆಯ್ಕೆ ಯಾವುದೆಂದು ನಮ್ಮ ಮತಯಂತ್ರ ಕೇಳುವುದಿಲ್ಲ. ಕೇಳಿದರೂ ತೊಡಕು ಪೂರ್ತಿ ತೀರದು. ಮೂವರು ಅಭ್ಯರ್ಥಿಗಳಿರುವಲ್ಲಿ ಹೆಚ್ಚಿನವರು ಮೊದಲನೆಯವನನ್ನು ಎರಡನೆಯವನಿಗಿಂತ, ಎರಡನೆಯವನನ್ನು ಮೂರನೆಯವನಿಗಿಂತ, ಮೂರನೆಯವನನ್ನು ತಿರುಗಿ ಮೊದಲನೆಯವನಿಗಿಂತ ಮೆಚ್ಚುವುದು ಸಾಧ್ಯವೆಂದು ಫ್ರಾನ್ಸಿನ ಕೊಂದೊರ್ಸೆ 1785ರಷ್ಟು ಹಿಂದೆಯೇ ತೋರಿಸಿದ್ದನು. ಸರ್ಕಾರ ರಚಿಸುವ ಹಕ್ಕು ಬಹುಮತದ್ದೆಂಬುದರಲ್ಲಿ ನಮಗೆ ತಕರಾರಿಲ್ಲ. ಆ ಹಕ್ಕಿಗೆ ಜನಮನದ ಮುದ್ರೆಯೊತ್ತುವ ಆತುರದ ಬಗ್ಗೆ ಮಾತ್ರ ನಮ್ಮ ಆಕ್ಷೇಪ.

ಮೈತ್ರಿ ಸರ್ಕಾರವು 2019ರ ಜುಲೈ 23ರಂದು 99–105 ಮತಗಳಿಂದ ಬಿದ್ದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಭಾಜಪ 12ರಲ್ಲಿ ಗೆದ್ದಿತು. ಹೀಗೆ ಗೆದ್ದವರಲ್ಲಿ ಹೆಚ್ಚಿನವರು, ಒಂದೂವರೆ ವರ್ಷದ ಹಿಂದೆ ಅದೇ ಕ್ಷೇತ್ರಗಳಲ್ಲಿ ಅದೇ ಪಕ್ಷದ ವಿರುದ್ಧ ನಿಂತು ‘ಜನಾದೇಶ’ ಪಡೆದಿದ್ದವರು.